ದುಂಡಗೆ ಬೆಳೆದ ಹುಲ್ಲು

ದಿಂಬಂ ಘಾಟಿಯ ಮೇಲಿನ ಸೋಲಿಗರ ಪೋಡಿನ ಮನೆಗಳಲ್ಲೆಲ್ಲ ಪುಟ್ಟಮಾದಿಯ ಕೋಲಿಗೆ ಎದುರು ಮಾತಿರಲಿಲ್ಲ. ಗೆಡ್ಡೆ ಅಗೆಯುವ ಆ ಕೋಲನ್ನು ನೆಲಕ್ಕೆ ಚುಚ್ಚಿ, ತುದಿಗೆ ಹತ್ತಿದ ಮಣ್ಣು ಮೂಸಿ, ಕೆಳಗೆ ಎಷ್ಟು ಹಸಿಯಿದೆ ಎಂದು ಹೇಳಿಬಿಡುವಳು. ಆ ಜಂಬವೇ ಅವಳಿಗೆ ಮುಳುವಾಯಿತು.

ಪೋಡಿನ ಹಿಂದಿನ ಬೋರೆಗುಡ್ಡದ ಮೇಲಿದ್ದ ಲಂಟಾನದ ಪೊದೆಯನ್ನು ಕೂಲಿಗೆ ಹೋಗಿ ಬೇರುಸಮೇತ ಕಿತ್ತವರಲ್ಲಿ ಅವಳೂ ಒಬ್ಬಳು. ಮಳೆ ಬಿದ್ದು ಬೋಳು ನೆಲಕ್ಕೆ ಹುಲ್ಲು ಮರಳಿತು. ಶಿವರಾತ್ರಿಯ ಹೊತ್ತಿಗೆ ಅದೆಲ್ಲ ಒಣಗಿ ಕೆಂಪಾದರೂ ಒಂದು ಕಡೆ ಮಾತ್ರ ಸೊಂಟದೆತ್ತರ ಹಸಿರು, ಕಣದ ಹಾಗೆ ದುಂಡಗೆ. ಅಲ್ಲಿ ಕೋಲು ಸಲೀಸಾಗಿ ಇಳಿಯಿತು. ಮಣ್ಣು ಕೊಳೆತ ಮರದ ವಾಸನೆ ಹೊಡೆಯಿತು. ಖುಷಿಯಲ್ಲಿ ಅದನ್ನು ಯಾರು ಕೇಳುತ್ತಾರೆ! ಮನೆಯ ಹಸು ಮಾತ್ರ ಅಂಚಿಗೆ ಬಂದು ನಿಂತುಬಿಡುತ್ತಿತ್ತು, ಒಳಗೆ ಕಾಲಿಡದು.

"ಕೊಬ್ಬು ಇದ್ಕೆ" ಎಂದು ಬೈದು, ಮರುದಿನ ಮಗಳು ಕವಿತಾಳನ್ನೇ ಹುಲ್ಲು ಕುಯ್ಯಲು ಕಳಿಸಿದಳು.

ಮಧ್ಯಾಹ್ನ ಗಂಡ ಕಾಳನಿಗೆ ಹಿಟ್ಟು ಬಡಿಸುತ್ತ ಹಸಿರಿನ ಸುದ್ದಿ ಹೇಳಿದಳು. ಕಾಳನ ಕೈ ತುತ್ತಿನಲ್ಲೇ ನಿಂತಿತು.

"ದುಂಡಗದಾ?"

"ಊಂ, ದುಂಡಗೆ. ಯಾಕೆ?"

ಕಾಳನ ತಾತ ಆ ಬೋರೆಯಲ್ಲೇ ಆನೆ ಹಿಡಿಯುವವರಿಗೆ ಗುಂಡಿ ತೋಡಿದವನು. ಅದರಲ್ಲಿ ಒಂದು ತಾಯಾನೆ ಬಿದ್ದು ಸತ್ತಿತು. ದೇವರನ್ನೇ ಕೊಂದ ಪಾಪವೆಂದು ಆ ಮನೆಯಲ್ಲಿ ಗುಂಡಿಯ ಹೆಸರೆತ್ತುತ್ತಿರಲಿಲ್ಲ. ಕಟ್ಟಿಕೊಂಡ ಹೆಂಡತಿಗೂ ಕಾಳ ಹೇಳಿರಲಿಲ್ಲ.

"ತಾತ ಅದ್ಕೆ ದಿಮ್ಮಿ ಅಡ್ಡಾಕಿ ಮಣ್ಣು ಮುಚ್ಚಿದ್ದ ಕಣಮ್ಮಿ. ದಿಮ್ಮಿ ಕೊಳ್ತು ಲಡ್ಡಾಗಿ ಕುಸ್ದು ಮಳೆನೀರು ನಿಂತದೆ, ಅದ್ಕೇ ಆ ಉಲ್ಲು. ಇಷ್ಟು ದಿನ ಲಂಟಾನದ ಬೇರು ಮಣ್ಣ ಇಡ್ಕಂಡಿತ್ತು. ಅದ್ನೂ ಕಿತ್ತಾಕ್ಬುಟ್ರಿ." ಅವನು ಸುತ್ತ ನೋಡಿದ. "ಕವಿತಾ ಎಲ್ಲವಳೆ?"

ಪುಟ್ಟಮಾದಿ ಸೂರಿನತ್ತ ನೋಡಿದಳು. ಕುಡುಗೋಲು ಸಿಕ್ಕಿಸುವ ಗಳ ಖಾಲಿಯಿತ್ತು. ಮೂಲೆಯ ಕೋಲು ಎಳೆದುಕೊಂಡು ಓಡಿದಳು, ಹಿಂದೆ ಹಗ್ಗ ಹಿಡಿದು ಕಾಳ.

ಬೋರೆಯಲ್ಲಿ ಕುಯ್ದ ಹುಲ್ಲು ಅರ್ಧ ಹೊರೆಯಾಗಿ ಬಿದ್ದಿತ್ತು. ಹಸಿರಿನ ನಡುವೆ ಒಂದು ಕಪ್ಪು ಬಾಯಿ.

"ಮಗಾ!" ಎಂದು ಕೂಗುತ್ತ ಪುಟ್ಟಮಾದಿ ಹುಲ್ಲಿನೊಳಗೆ ನುಗ್ಗಿದಳು.

ಕೆಳಗಿನಿಂದ ಸಣ್ಣ ದನಿ ಬಂತು. "ಅವ್ವಾ, ಅಲ್ಲೇ ನಿಂತ್ಕೊ, ಬರ್ಬ್ಯಾಡ. ನಿನ್ ಕಾಲ್ ಕೆಳ್ಗೂ ಟೊಳ್ಳದೆ. ಇಲ್ಲಿಂದ ಕಾಣ್ತದೆ."

ಹೆಜ್ಜೆ ಹಿಂದಿಡಲು ಪುಟ್ಟಮಾದಿ ಕೋಲೂರಿದಳು. ಅದು ಸಲೀಸಾಗಿ ಇಳಿಯಿತು.