ಪರದೆಗೆ ಬೆನ್ನು ಹಾಕಿ ಕುಳಿತವರು

ಟಿ.ವಿ.ಯ ನೀಲಿ ಬೆಳಕು ಅವರ ಮುಖದ ಮೇಲೆ ಬಿದ್ದದ್ದನ್ನು ಒಂದು ಸಂಜೆಯ ಹೊರತು ನಾನು ಕಂಡಿಲ್ಲ. ಅದು ಯಾವಾಗಲೂ ಬೀಳುತ್ತಿದ್ದುದು ಅವರ ಬಿಳಿಯ ತುರುಬಿನ ಮೇಲೆ. ಎಲ್ಲರೂ ಪರದೆಯ ಕಡೆ ನೋಡುತ್ತಿದ್ದರೆ, ಅವರು ಪರದೆಗೆ ಬೆನ್ನು ಹಾಕಿ, ನಮ್ಮ ಕಡೆ ಮುಖ ಮಾಡಿ, ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದರು.

ತಿ. ನರಸೀಪುರದ ಶಾಲೆಯೊಂದರಲ್ಲಿ ನಾನು ಕನ್ನಡ ವ್ಯಾಕರಣ ಕಲಿಸುತ್ತಿದ್ದಾಗ ಅವರು ಅಲ್ಲಿನ ಹಿರಿಯ ಅಧ್ಯಾಪಕಿ. ಊರಿಗೆಲ್ಲ ಅವರು ‘ದೊಡ್ಡ ಟೀಚರ್’. ಶಾಲಾ ವಾರ್ಷಿಕೋತ್ಸವದ ನಾಟಕಗಳನ್ನು ಬರೆದು ಆಡಿಸುತ್ತಿದ್ದವರೂ ಅವರೇ. ನಾಟಕ ನಡೆಯುವಾಗಲೂ ರಂಗದ ಅಂಚಿನಲ್ಲಿ ಹೀಗೆಯೇ ಸಭೆಯತ್ತ ತಿರುಗಿ ಕುಳಿತಿರುತ್ತಿದ್ದರು. ಹೇಗಿತ್ತು ಎಂದು ಅವರು ಯಾರನ್ನೂ ಕೇಳಿದವರಲ್ಲ. ಅವರದು ಒಂದೇ ಪ್ರಶ್ನೆ: “ಎಲ್ಲಿ ಎದ್ದಿರಿ?” ನೀರು ಕುಡಿಯಲಿಕ್ಕೋ, ಫೋನ್ ಹಿಡಿದು ಹೊರಗೆ ಹೋಗಲಿಕ್ಕೋ ಜನ ಯಾವ ಮಾತಿಗೆ ಎದ್ದರೋ, ಆ ಮಾತು ಸೋತಿತೆಂದೇ ಅವರ ತೀರ್ಮಾನ.

ನಿವೃತ್ತರಾದ ಮೇಲೆ ಅವರು ನಂಜನಗೂಡಿಗೆ, ನಮ್ಮ ಎದುರು ಮನೆಗೆ ಬಂದರು. ವಾಹಿನಿಯೊಂದರ ಮಾಯಾಲೋಕದ ಧಾರಾವಾಹಿಗೆ ಎರಡನೆಯ ಸೀಸನ್ ಬರೆಯುವ ಕರೆ ಅಲ್ಲಿಗೇ ಬಂದಿತು. ಅದರ ನಿರ್ದೇಶಕಿ ಹಿಂದೊಮ್ಮೆ ಅವರ ನಾಟಕದಲ್ಲಿ ಬಣ್ಣ ಹಚ್ಚಿದ್ದವಳು. ನರಸೀಪುರದ ಸಂಗಮದಲ್ಲಿ ಕಾವೇರಿ, ಕಪಿಲೆಯರ ಜೊತೆ ಕಣ್ಣಿಗೆ ಕಾಣದೆ ಸೇರುತ್ತದೆಂದು ಜನ ನಂಬುವ ಸರೋವರದ ತಳದಲ್ಲೊಂದು ರಾಜ್ಯ. ಅದರ ದಾರಿ ಬಲ್ಲವಳು ಹರಿಗೋಲು ಹಾಕುವ ಹುಡುಗಿ ಒಬ್ಬಳೇ. ಇದು ಕಥೆ. ಮೊದಲ ವಾರದ ರೇಟಿಂಗ್ ನೋಡಿ, ಬರೆಯುವವರು ಇವರೇ ಇರಬೇಕೋ ಬೇರೆಯವರೋ ಎಂದು ನಿರ್ಧರಿಸುವುದಾಗಿ ವಾಹಿನಿಯವರು ಮೊದಲೇ ತಿಳಿಸಿದ್ದರು. ಜೀವಮಾನವಿಡೀ ಶಾಲೆಯ ಅಂಗಳಕ್ಕಷ್ಟೇ ಬರೆದವರಿಗೆ ನಾಡೆಲ್ಲ ನೋಡುವಂಥದ್ದನ್ನು ಬರೆಯುವ ಅವಕಾಶ ತಡವಾಗಿ ಬಂದಿತ್ತು. ವಾರದೊಳಗೇ ಅದು ಕೈತಪ್ಪಬಹುದಿತ್ತು.

ಮೊದಲ ಸಂಚಿಕೆಯ ಸಂಜೆ ನರಸೀಪುರದ ಅವರ ಹಳೆಯ ಬೀದಿಯವರು ಸಮುದಾಯ ಭವನದಲ್ಲಿ ದೊಡ್ಡ ಪರದೆ ಕಟ್ಟಿದರು. ಬೀದಿಗೆ ಬೀದಿಯೇ ಬಂದು ಕುಳಿತಿತು. ದೊಡ್ಡ ಟೀಚರ್ ಪರದೆಯ ಕೆಳಗೆ ಕುರ್ಚಿ ಹಾಕಿಸಿಕೊಂಡು ಎಂದಿನಂತೆ ನಮ್ಮತ್ತ ಮುಖ ಮಾಡಿದರು. ಹರಿಗೋಲಿನ ಹುಡುಗಿ ಮೊದಲ ಸಲ ನೀರಿನೊಳಗೆ ಇಳಿದಾಗ ಭವನದಲ್ಲಿ ಒಂದು ಕೆಮ್ಮೂ ಕೇಳಿಸಲಿಲ್ಲ.

ಆಮೇಲೆ ಮುದಿ ಮೊಸಳೆಯೊಂದು ಆ ರಾಜ್ಯದ ಪೂರ್ವಕಥೆ ಹೇಳತೊಡಗಿತು. ಹೇಳಿತು, ಹೇಳುತ್ತಲೇ ಇತ್ತು. ನನ್ನ ಪಕ್ಕದಲ್ಲಿ ಕುಳಿತಿದ್ದ ಟೆಂಪೊ ಮಾಲೀಕ, ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿ, ನನ್ನತ್ತ ಬಾಗಿದ.

“ಸಾ, ನಾವೆಲ್ಲ ಮನೇಲಿ ಟೀವಿ ಆರಿಸ್ಬುಟ್ಟು ಬಂದಿವಿ. ಆ ರೇಟಿಂಗ್ ಡಬ್ಬಿ ನಮ್ ಬೀದೀಲೇ ಯಾರ ಮನೇಲಾದ್ರೂ ಇದ್ರೆ?”

ಜನ ಏನು ನೋಡುತ್ತಾರೆಂದು ತಿಳಿಯಲು ಆಯ್ದ ಕೆಲವು ಮನೆಗಳ ಟಿ.ವಿ.ಗೆ ಪುಟ್ಟ ಪೆಟ್ಟಿಗೆ ಜೋಡಿಸಿರುತ್ತಾರೆ. ಯಾವ ಮನೆಯೆಂಬುದನ್ನು ಆ ಮನೆಯವರು ಹೊರಗೆ ಹೇಳುವಂತಿಲ್ಲ. ಮಾತು ಸಾಲಿನಿಂದ ಸಾಲಿಗೆ ದಾಟಿತು. ಒಬ್ಬರು ಎದ್ದರು, ಪಕ್ಕದವರು ಎದ್ದರು, ಜಾಹೀರಾತಿಗೂ ಕಾಯದೆ ಚಪ್ಪಲಿ ಹುಡುಕಿಕೊಂಡು ತಮ್ಮ ತಮ್ಮ ಮನೆಗಳತ್ತ ಓಡಿದರು.

ಅದು ಪ್ರೀತಿಯ ಓಟವೆಂದು ನಮಗೆ ಗೊತ್ತು. ಎದುರಿಗೆ ಕುಳಿತಿದ್ದ ಅವರಿಗೆ ಕಂಡದ್ದು ಬೇರೆ: ತಾವು ಬರೆದ ಮೊದಲ ಸಂಚಿಕೆಯ ನಡುವೆಯೇ ತಮ್ಮವರು ಎದ್ದು ಹೋಗುತ್ತಿದ್ದಾರೆ. ಮಡಿಲಲ್ಲಿದ್ದ ಕೈಗಳು ಸೆರಗಿನ ತುದಿಯನ್ನು ಹಿಡಿದವು. ನಾನು ಕಂಡಂತೆ ಅದೇ ಮೊದಲು, ಅವರು ತಿರುಗಿ ಪರದೆಯನ್ನು ನೋಡಿದರು.

ಟೆಂಪೊದವನು ಅವರ ಬಳಿಗೆ ಓಡಿದ. “ಬ್ಯಾಸ್ರ ಆಗಿ ಎದ್ದಿಲ್ಲ ಟೀಚರ್. ಮನೇಲಿ ಟೀವಿ ಆಕಕ್ಕೆ ಓಯ್ತಾವ್ರೆ.”

ವಿಷಯ ತಿಳಿದು ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಉಳಿದ ನಾವೂ ನಕ್ಕೆವು. ನಂಜನಗೂಡಿಗೆ ಅವರು ನನ್ನೊಡನೆಯೇ ಮರಳಿದರು. ಕಪಿಲೆಯ ಸೇತುವೆ ಬಂದಾಗ ಹೇಳಿದರು:

“ನೋಡಿ ಮೇಷ್ಟ್ರೇ, ಹುಡುಗಿ ನೀರಿಗಿಳಿದಾಗ ಯಾರಿಗೂ ಡಬ್ಬಿ ನೆನಪಾಗಲಿಲ್ಲ. ಮೊಸಳೆ ಬಾಯಿ ತೆರೆದ ಮೇಲೆ ನೆನಪಾಯಿತು.”

ಮರುದಿನದಿಂದ ವಿಮರ್ಶೆಗಳು ಬಂದವು. ಸಂಭಾಷಣೆಗೆ ಶಾಲಾ ರಂಗದ ವಾಸನೆಯಿದೆ ಎಂದು ಮೈಸೂರಿನ ಪತ್ರಿಕೆಯೊಂದು ಬರೆಯಿತು. ಇನ್ನೊಂದು ಪತ್ರಿಕೆ ಹುಡುಗಿಯ ಪಾತ್ರವನ್ನು ಮನಸಾರೆ ಮೆಚ್ಚಿತು. ಮೊಸಳೆ ಸವೆದ ಲಾರಿ ಟೈರಿನಂತಿದೆ ಎಂದು ಯಾರೋ ಮೊಬೈಲಿನಲ್ಲಿ ಹಾಕಿದ್ದರು. ಅದಕ್ಕೆ ಅವರೇ ಎಲ್ಲರಿಗಿಂತ ಹೆಚ್ಚು ನಕ್ಕರು. ರೇಟಿಂಗ್ ಬಂದಾಗ ಅದು ಹಿಂದಿನ ಸೀಸನ್ನಿನ ಆರಂಭಕ್ಕಿಂತ ತುಸು ಕೆಳಗಿತ್ತು. ಬಿದ್ದಿತೆನ್ನುವಷ್ಟು ಕೆಳಗಲ್ಲ, ಗೆದ್ದಿತೆನ್ನುವಷ್ಟು ಮೇಲೂ ಅಲ್ಲ. ತಿಂಗಳ ಕೊನೆಯವರೆಗೆ ನೋಡೋಣ ಎಂದರು ವಾಹಿನಿಯವರು.

ತಪ್ಪೆಲ್ಲ ತಮ್ಮ ಬೀದಿಯದೇ ಎಂದು ವಾಹಿನಿಯವರ ಮುಂದೆ ಪ್ರಮಾಣ ಮಾಡಲು ಟೆಂಪೊದವನು ಸಿದ್ಧನಿದ್ದ. ಅವರು ಬೇಡವೆಂದರು. ವಿಮರ್ಶಕರ ಮೇಲೂ ಮುನಿಯಲಿಲ್ಲ. ಮೊಸಳೆಯ ಬಾಯಿ ಮುಚ್ಚಿಸಿದರು. ಪೂರ್ವಕಥೆಯನ್ನು ಹರಿಗೋಲಿನ ಹುಡುಗಿ ಹುಟ್ಟು ಹಾಕುತ್ತ ಅಷ್ಟಷ್ಟೇ ನೆನೆಯುವಂತೆ ಮಾಡಿದರು. ಸಂಜೆಯಾದರೆ ನಮ್ಮ ಬೀದಿಯ ಯಾವುದಾದರೊಂದು ಮನೆಗೆ ಹೋಗಿ, ಟಿ.ವಿ.ಗೆ ಬೆನ್ನು ಹಾಕಿ ಕುಳಿತು, ಯಾರು ಎಲ್ಲಿ ಎದ್ದರೆಂದು ನೋಡಿಕೊಂಡು ಬರುತ್ತಿದ್ದರು. ರೇಟಿಂಗ್ ನಿಧಾನವಾಗಿ ಏರಿತು. ತಿಂಗಳ ಕೊನೆಗೆ ನಿರ್ದೇಶಕಿಯ ಕರೆ ಬಂದಾಗ ಅವರು ನಮ್ಮ ಜಗುಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದರು. ಸೀಸನ್ ಪೂರ್ತಿ ನೀವೇ ಬರೆಯಿರಿ ಎಂದಳಂತೆ. “ಆಗಲಿ ಕಣಮ್ಮ,” ಎಂದು ಫೋನ್ ಕೆಳಗಿಟ್ಟರು. ಆಮೇಲೆ ಸೊಪ್ಪನ್ನು ಬಿಟ್ಟು ಬರಿಯ ದಂಟನ್ನೇ ಪಾತ್ರೆಗೆ ಹಾಕುತ್ತಿದ್ದುದನ್ನು ನನ್ನ ಹೆಂಡತಿ ನೋಡಿದಳು. ಈಗ ಮೂರನೆಯ ಸೀಸನ್ ನಡೆಯುತ್ತಿದೆ.

ನನ್ನ ವಾಕ್ಯದಲ್ಲಿ ದೋಷ ಸಿಕ್ಕದೆಂಬ ಹೆಮ್ಮೆ ನನಗೆ ಮೊದಲೂ ಇತ್ತು, ಈಗಲೂ ಇದೆ. ದೋಷವಿಲ್ಲದ ಪುಟದಿಂದಲೂ ಓದುಗ ಎದ್ದು ಹೋಗಬಹುದೆಂದು ತಿಳಿಸಿಕೊಟ್ಟವರು ಅವರು. ಶಾಲೆ ಬಿಟ್ಟು ಬರವಣಿಗೆಗೆ ಕುಳಿತ ಮೇಲೆ ನಾನು ಬರೆದದ್ದೆಲ್ಲ ಮೊದಲು ಅವರ ಮುಂದೆ ಓದಿದ್ದೇ.

ಈ ಬರಹವನ್ನೂ ಮೊನ್ನೆ ಓದಿದೆ. ಇದರ ನಡುವೆ ಅವರ ಗುಣಗಳನ್ನು ಒಂದೊಂದಾಗಿ ಕೊಂಡಾಡಿದ ಭಾಗವೊಂದಿತ್ತು. ಬಹಳ ತಿದ್ದಿ ತೀಡಿ ಬರೆದದ್ದು. ಅಲ್ಲಿಗೆ ಬಂದಾಗ ಅವರು, ಕಾಫಿ ಇಡುತ್ತೇನೆಂದು ಎದ್ದರು.

ಆ ಭಾಗ ಇಲ್ಲಿಲ್ಲ.