ಭಾವ ನಿಲ್ಲಿಸಿಟ್ಟ ಗಾಡಿ

ಭಾವನವರ ಬಲಗೈ ಹೆಬ್ಬೆರಳಿನ ಉಗುರಿನಡಿ ಗ್ರೀಸಿನ ಕಪ್ಪು ಸದಾ ಇರುತ್ತಿತ್ತು. ಆಯುಧಪೂಜೆಯ ದಿನ ಮಾತ್ರ ಅದರ ಮೇಲೆ ಅರಿಶಿನ ಹತ್ತಿರುತ್ತಿತ್ತು. ಎರಡು ಸಾವಿರದ ಇಸವಿಯ ನಂತರದ ಆ ವರ್ಷಗಳಲ್ಲಿ ಅವರು ಸ್ವೀಡನ್ನಿನ ಉಪ್ಸಾಲಾದಲ್ಲಿ ಸಂಶೋಧಕರು. ಊರಾಚೆ, ಕಾಡಿನಂಚಿನ ಮನೆಯಲ್ಲಿ ಅಕ್ಕನೊಡನೆ ಇದ್ದರು. ಸೌದೆ ಎಳೆಯಲು ನಾಲ್ಕು ಚಕ್ರದ ಬೈಕೊಂದನ್ನು ಕೊಂಡಿದ್ದರು. ಹಿಮ ಬೀಳುವ ಮೊದಲು ಅದನ್ನು ಶೆಡ್ಡಿನಲ್ಲಿ ನಿಲ್ಲಿಸಬೇಕು. ಆಯುಧಪೂಜೆಯೂ ಆಗಲೇ ಬರುತ್ತದೆ. ನಾನು ಸ್ಟಾಕ್‌ಹೋಮ್ ಪಕ್ಕದ ಸೋಲ್ನಾದಿಂದ ತಪ್ಪದೆ ಹೋಗುತ್ತಿದ್ದೆ.

ಮೊದಲ ವರ್ಷ ಪೂಜೆಯ ಕಡಲೆಪುರಿಯನ್ನು ಸೀಟಿನ ಮೇಲೆ ಹಾಗೆಯೇ ಬಿಟ್ಟು ಬಾಗಿಲು ಹಾಕಿದ್ದರು. ಅದಕ್ಕೆ ಬಂದ ಇಲಿಗಳು ಏರ್ ಫಿಲ್ಟರಿನೊಳಗೆ ಸಂಸಾರ ಹೂಡಿ, ವೈರುಗಳನ್ನು ಕಡಿದಿದ್ದವು. ಅಲ್ಲೇ ಹತ್ತಿರದ ಸೊಲ್ಲೆಂಟುನಾ ಊರಿನಿಂದ ಬರುತ್ತಿದ್ದ ಸ್ನೇಹಿತರೊಬ್ಬರು ಇದನ್ನು ಪ್ರತಿ ಹಬ್ಬದಲ್ಲೂ ಎತ್ತುತ್ತಿದ್ದರು: "ಸಾರ್ ಮನೇಲಿ ಗಣಪತಿ ವಾಹನಕ್ಕೇ ಫಸ್ಟ್ ಪೂಜೆ!" ಭಾವನವರೂ ನಗುತ್ತಿದ್ದರು. ನಾನು ಒಮ್ಮೆಯೂ ನಗಲಿಲ್ಲ. ಅಂದಿನಿಂದ ಪೂಜೆ ಮುಗಿದೊಡನೆ ಅವರು ಪುರಿಯನ್ನು ಒಂದೊಂದಾಗಿ ಆಯ್ದು ತೆಗೆಯುತ್ತಿದ್ದರು.

ಅವರ ಕೊನೆಯ ಆಯುಧಪೂಜೆಯ ವೇಳೆಗೆ ಕ್ಯಾನ್ಸರ್ ಮೈಯೆಲ್ಲ ಹರಡಿತ್ತು. ಮಂಗಳಾರತಿಯಾದ ಮೇಲೆ ಅದೇ ಸ್ನೇಹಿತರು, "ಇಷ್ಟೆಲ್ಲಾ ಯಾಕೆ ಸಾರ್? ನೆಕ್ಸ್ಟ್ ಇಯರ್ ಯಾರು ಓಡಿಸ್ತಾರೆ? ಮಾರಿಬಿಡಿ" ಎಂದರು. ಕಾಯಿಲೆಯವರ ಮನೆಯಲ್ಲಿ ಉಂಡು, ಅವರ ಮುಖಕ್ಕೇ ಹಾಗೆನ್ನಬಹುದೇ? ಆಗ ಆ ಮನುಷ್ಯ ಹಿಡಿದಿದ್ದ ಕಾಫಿ ಕಪ್ಪಿನ ಬಣ್ಣವೂ ನನಗೆ ಮರೆತಿಲ್ಲ.

ಭಾವನವರು ಸಿಟ್ಟಾಗಲಿಲ್ಲ. "ಓಡಿಸೋರು ಓಡಿಸ್ತಾರ್ರೀ. ನಿಲ್ಲಿಸೋದು ನನ್ನ ಕೆಲಸ."

ನನ್ನ ಹೆಗಲು ಹಿಡಿದೇ ಸೀಟು ಒರೆಸಿದರು. ಪೆಟ್ರೋಲು ಕೆಡದಂತೆ ಹಾಕುವ ದ್ರಾವಣ ಬೆರೆಸಿ, ಅದು ಕಾರ್ಬುರೇಟರಿಗೆ ಇಳಿಯುವವರೆಗೆ ಎಂಜಿನ್ ಓಡಿಸಿದರು. ಇಲಿ ನುಸುಳದಂತೆ ಸೈಲೆನ್ಸರಿನ ಬಾಯಿಗೆ ಪಾತ್ರೆ ಉಜ್ಜುವ ಸ್ಟೀಲ್ ನಾರು ತುರುಕಿದರು. ಚಳಿಗೆ ಕೆಡದಂತೆ ಮನೆಯೊಳಗೆ ಒಯ್ದಿಡಬೇಕಾದ ಬ್ಯಾಟರಿಗೆ ನಾನು ಕೈ ಚಾಚಿದಾಗ ತಡೆದರು.

"ಬಿಚ್ಚೋದು ನಾನೇ. ಹೊರೋದು ಬೇಕಾದ್ರೆ ನೀನು ಹೊರು. ಮೊದಲು ಮೈನಸ್ಸು, ನೆನಪಿಟ್ಕೋ."

ಸ್ಪ್ಯಾನರ್ ಮತ್ತೆ ಮತ್ತೆ ಜಾರಿತು. ಕಡೆಗೆ ನಟ್ಟು ಸಡಿಲಿತು.

ಹಿಮ ಕರಗುವ ಮೊದಲೇ ಭಾವನವರು ತೀರಿಕೊಂಡರು.

ವಸಂತದಲ್ಲಿ ನಾನು ಸ್ಟೀಲ್ ನಾರು ತೆಗೆದು, ಬ್ಯಾಟರಿ ಜೋಡಿಸಿ, ಗುಂಡಿ ಒತ್ತಿದೆ. ಎಂಜಿನ್ ಒಮ್ಮೆಗೇ ಹಿಡಿಯಿತು. ಅಕ್ಕ ಹಿಟ್ಟಿನ ಕೈಯಲ್ಲೇ ಓಡಿಬಂದು ಶೆಡ್ಡಿನ ಬಾಗಿಲಲ್ಲಿ ನಿಂತಳು. ಆ ಸದ್ದು ಅವಳಿಗೆ ಸಂಕಟವಾದೀತೆಂದು ಕೀಲಿಗೆ ಕೈ ಹಾಕಿದೆ.

"ಬೇಡ ಕಣೋ, ಆಫ್ ಮಾಡಬೇಡ" ಎಂದಳು. "ಪೆಟ್ರೋಲ್ ಇರೋವರೆಗೂ ಓಡಲಿ."