ಅತ್ತೆಯ ಪ್ಲೇಟು, ಅಂಗಡಿಯವನ ಮುಳ್ಳು

ಗೆಳೆಯರೇ, ಇವತ್ತು ಗುಂಡ್ಲುಪೇಟೆಯ ರಿಪೇರಿ ಅಂಗಡಿಗೆ ಸೋದರತ್ತೆಯನ್ನೂ ಕರೆದುಕೊಂಡು ಹೋಗಿದ್ದೆ. ನಾನು ಕೊಂಡ ಸೆಕೆಂಡ್ ಹ್ಯಾಂಡ್ ರೆಕಾರ್ಡ್ ಪ್ಲೇಯರಿಗೆ ಬೇರೆ ಕಾರ್ಟ್ರಿಜ್, ಅಂದರೆ ಮುಳ್ಳು ಕೂತಿರುವ ತಲೆ, ಬೇಕಿತ್ತು. ಹಾಕಿ ಕೇಳಲೆಂದು ಅತ್ತೆ ಬೇಗೂರಿನಿಂದ ತಂದಿದ್ದು, ತೀರಿಹೋದ ಮಾವ ಕ್ಲಾರಿನೆಟ್ ನುಡಿಸಿದ್ದ ಒಂದೇ ಒಂದು ಪ್ಲೇಟು.

ಅಂಗಡಿಯವನು ದಪ್ಪ ಮುಳ್ಳಿನ ಹಳೆಯ ಕಾರ್ಟ್ರಿಜ್ ಜೋಡಿಸಿದ.

"ಇದು ಭಾರ ಅಲ್ವಾ? ಪ್ಲೇಟು ಗೀರಿಬಿಟ್ರೆ?" ಎಂದೆ.

"ಏನೂ ಆಗಕಿಲ್ಲ ಸಾರ್, ಎಲ್ಲಾ ಒಂದೇಯ. ಕೊಡಮ್ಮ ಇಲ್ಲಿ" ಎಂದು ಕೈಚಾಚಿದ.

ಅತ್ತೆ ಪ್ಲೇಟನ್ನು ಎದೆಗೆ ಅವಚಿಕೊಂಡರು. "ಅಂಗಾರೆ ಮೊದ್ಲು ನಿನ್ ಪ್ಲೇಟ್ ಮ್ಯಾಲೆ ಆಕು ಕಣಪ್ಪ."

ಅವನು ತನ್ನದೊಂದು ಪ್ಲೇಟನ್ನು ತಿರುಗಲು ಬಿಟ್ಟು, ಮುಳ್ಳನ್ನು ಅದರ ಮೇಲೆ ಹಿಡಿದ. ಕೈ ಕೆಳಗಿಳಿಯಲೇ ಇಲ್ಲ. ಕೊನೆಗೆ ಆ ಕಾರ್ಟ್ರಿಜ್ ಬಿಚ್ಚಿ, ಡ್ರಾಯರಿನಿಂದ ಹಗುರವಾದ ಇನ್ನೊಂದನ್ನು ತೆಗೆದ.

ಯಾವ ಕಾರ್ಟ್ರಿಜ್ ಒಳ್ಳೆಯದೆಂದು ನಾನು ವಾರವಿಡೀ ನೆಟ್ಟಿನಲ್ಲಿ ಹುಡುಕಿದ್ದೆ. ಅಷ್ಟೆಲ್ಲ ಬೇಕಿರಲಿಲ್ಲ, ಅತ್ತೆಯನ್ನು ಕರೆದುಕೊಂಡು ಹೋದದ್ದೇ ಸಾಕಾಯಿತು.